ಬಾವಿಕಟ್ಟೆಗೆ ಜೊತೆ

ಬೀಡಿಯಕ್ಕನ ಬಲಗೈಯ ತೋರುಬೆರಳಿನ ಉಗುರು ಮಾತ್ರ ಉದ್ದ. ಬೀಡಿಯ ಬಾಯಿ ಮಡಚಲೆಂದು ಬೆಳೆಸಿದ್ದು. ಹೊಗೆಸೊಪ್ಪಿನ ಪುಡಿ ಕೂತು ಕಂದುಬಣ್ಣಕ್ಕೆ ತಿರುಗಿತ್ತು. ಅದೇ ಉಗುರಿನಿಂದ ನಮ್ಮ ಬಾಗಿಲು ತಟ್ಟುತ್ತಿದ್ದರು. ಅರುವತ್ತರ ದಶಕದ ಬಂಟ್ವಾಳ. ಹೊಳೆಯ ಮಗ್ಗುಲಲ್ಲಿ ನಮ್ಮ ಬಾಡಿಗೆ ಮನೆ, ಪಕ್ಕದ್ದು ಅವರದು.

ನಾನು ಮೂಡುಬಿದಿರೆಯಿಂದ ಮದುವೆಯಾಗಿ ಬಂದವಳು. ಹೆರಿಗೆ ಮುಗಿಸಿ ಕೂಸಿನೊಂದಿಗೆ ತವರಿನಿಂದ ಮರಳಿದ ಮೇಲೆ ಮನಸ್ಸು ಕುಸಿಯಿತು. ಊಟ ಸೇರದು, ತಲೆ ಬಾಚಲು ಕೈ ಏಳದು. ಗಂಡ ಬೆಳ್ತಂಗಡಿಯ ಕೆಲಸದಿಂದ ಬರುವಾಗ ಕತ್ತಲಾಗುತ್ತಿತ್ತು. ಸಂಜೆ ಹೊಳೆಯ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕೂಸನ್ನು ಎತ್ತಿಕೊಂಡು ನಾನೇ ಹೊಳೆಯ ಮೆಟ್ಟಿಲು ಇಳಿದುಬಿಟ್ಟರೆ? ಹೊಳೆಗಿಂತ ನನಗೆ ನನ್ನದೇ ಭಯ. ಯಾರಿಗೂ ಹೇಳಲಿಲ್ಲ.

ಬೀಡಿಯಕ್ಕ ಏನೂ ಕೇಳಲಿಲ್ಲ. ದೀಪ ಹಚ್ಚುವ ಮೊದಲು ಕೊಡಪಾನ ಹಿಡಿದು ಬರುತ್ತಿದ್ದರು.

"ಬಾವಿಕಟ್ಟೆಗೆ ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ್ತಿ. ಜೊತೆಗೆ ಬಾ, ಹೋಗುವ. ಮೊದಲು ಮುಖ ತೊಳಿ, ತಲೆ ಬಾಚು. ಹೀಗೇ ಬಂದ್ರೆ ಬಾವಿಯೇ ಹೆದರ್ತದೆ."

ಬಾವಿ ಇದ್ದದ್ದು ಹೊಳೆಯ ದಾರಿಯಲ್ಲಿ. ಇಡೀ ಕೇರಿಯ ಬಾಯಿ ಮುಚ್ಚಿಸುವ ಹೆಂಗಸಿಗೆ ಹೆದರಿಕೆಯಂತೆ. ನನ್ನನ್ನು ಹೊರಗೆ ಎಳೆಯಲು ಹೂಡಿದ ಆಟವೆಂದೇ ತಿಳಿದಿದ್ದೆ. ನೀರು ತಂದ ಮೇಲೆ ತಮ್ಮ ಜಗಲಿಯಲ್ಲಿ ಕೂರಿಸಿ ಸುರುಟಿದ ಬೀಡಿಗೆ ನೂಲು ಕಟ್ಟಲು ಕೊಡುತ್ತಿದ್ದರು. ನಾನು ಕಟ್ಟಿದ್ದೆಲ್ಲ ಸಡಿಲ.

"ನಿನ್ನ ಬೀಡಿ ಎಳೆದವನಿಗೆ ಕೆಮ್ಮು ಸಹ ಬರ್ಲಿಕ್ಕಿಲ್ಲ" ಎನ್ನುತ್ತಿದ್ದರು. ತಿಂಗಳುಗಳ ಮೇಲೆ ನಾನು ನಕ್ಕದ್ದು ಆ ಜಗಲಿಯಲ್ಲಿ.

ಜಡಿಮಳೆಯ ಆಟಿ ತಿಂಗಳಲ್ಲಿ ನೆರೆ ಬಂತು. ಮಧ್ಯಾಹ್ನಕ್ಕೇ ಕೆಂಪು ನೀರು ಜಗಲಿ ಏರಿತು. ಗಂಡ ಬೆಳ್ತಂಗಡಿಯಲ್ಲೇ ಸಿಕ್ಕಿಬಿದ್ದಿದ್ದರು. ದೋಣಿ ಬಂದಾಗ ಕೂಸನ್ನು ಅವುಚಿಕೊಂಡು ಹತ್ತಿದೆ. ಬೀಡಿಯಕ್ಕ ಮಾತ್ರ ಜಗಲಿಯ ಕಂಬ ತಬ್ಬಿ ನಿಂತುಬಿಟ್ಟರು. ಮುಖದಲ್ಲಿ ರಕ್ತವಿರಲಿಲ್ಲ.

"ನೀವು ಹೋಗಿ. ನನಗೆ ಆಗುವುದಿಲ್ಲ."

ದೋಣಿಯವನು ಗದರಿದ. ದೋಣಿಯಲ್ಲಿದ್ದ ಮುದುಕಿಯೊಬ್ಬಳು ನನ್ನ ಕಿವಿಯಲ್ಲಿ, "ಅವಳ ಮಗಳನ್ನು ಇದೇ ಹೊಳೆ ಕೊಂಡುಹೋದದ್ದು" ಎಂದಳು.

ಪ್ರತಿ ಸಂಜೆಯ ಆ ಮಾತು ಆಟವಾಗಿರಲಿಲ್ಲ. ಹೆದರುತ್ತಲೇ ಆ ದಾರಿಯಲ್ಲಿ ನನ್ನನ್ನು ನಡೆಸಿದ್ದರು. ಈಗ ನೀರು ಅವರ ಮೊಣಕಾಲು ಮುಟ್ಟಿತ್ತು. ಧೈರ್ಯ ಹೇಳಲು ನನ್ನಲ್ಲಿ ಧೈರ್ಯವೇ ಇರಲಿಲ್ಲ. ಕೈ ಚಾಚಿದೆ.

"ಅಕ್ಕಾ, ನನಗೆ ಹೆದರಿಕೆ ಆಗ್ತದೆ. ಜೊತೆಗೆ ಬನ್ನಿ."

ಅವರು ನನ್ನನ್ನು ನೋಡಿದರು, ಕೂಸನ್ನು ನೋಡಿದರು, ಕಂಬ ಬಿಟ್ಟರು. ದಡ ಸೇರುವ ತನಕ ಆ ಉದ್ದ ಉಗುರು ನನ್ನ ಮಣಿಕಟ್ಟಿನಲ್ಲಿ ನಟ್ಟಿತ್ತು.

ಬೀಡಿಯಕ್ಕ ತೀರಿಕೊಂಡು ಬಹಳ ಕಾಲವಾಯಿತು. ಸಂಜೆಯ ಭಯ ಈಗಲೂ ಒಮ್ಮೊಮ್ಮೆ ಬರುತ್ತದೆ. ಬಂದರೆ ಮುಖ ತೊಳೆದು, ತಲೆ ಬಾಚಿ, ಪಕ್ಕದ ಮನೆಯ ಬಾಗಿಲು ತಟ್ಟುತ್ತೇನೆ. ನನಗೆ ಹೆದರಿಕೆಯಾಗುತ್ತದೆ ಎಂದು ಹೇಳಲು ನಾಚುವುದಿಲ್ಲ.