ಮಾವ ಹೇಳಿದ ಸಿನಿಮಾ

ಮಾವ ಪಿಸುಗುಟ್ಟಿದರೆ ಮುಂದಿನ ಮೂರು ಸಾಲಿನವರು ತಿರುಗಿ ನೋಡುತ್ತಿದ್ದರು. ಕಂದು ಮಫ್ಲರನ್ನು ತಲೆಯಿಂದ ಗದ್ದದವರೆಗೆ ಸುತ್ತಿ, ಬಾಯಲ್ಲೊಂದು ಲವಂಗ ಇಟ್ಟುಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ ಅವರು ಹಿಂದಿ ಸಿನಿಮಾವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಮಫ್ಲರ್ ಕಿವಿ ಮುಚ್ಚಿದ್ದರಿಂದ ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೇ ತಿಳಿಯುತ್ತಿರಲಿಲ್ಲ. "ಅಂಕಲ್‌ಜೀ, ಥೋಡಾ ಧೀರೇ" ಎಂದು ಯಾರಾದರೂ ಗೊಣಗಿದರೆ, "ಸಾರಿ ಬೇಟಾ" ಎಂದು ಅದಕ್ಕಿಂತ ಜೋರಾಗಿ ಹೇಳುವರು. ಪಕ್ಕದಲ್ಲಿ ಕೂತ ನಾನು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ.

ನಾನು ಮದುವೆಯಾಗಿ ದಾವಣಗೆರೆಯಿಂದ ದೆಹಲಿಯ ಲಕ್ಷ್ಮೀ ನಗರಕ್ಕೆ ಬಂದ ಮೊದಲ ವರ್ಷ ಅದು. ಅತ್ತೆ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ನಮ್ಮವರಿಗೆ ಫರೀದಾಬಾದಿನ ಕಾರ್ಖಾನೆಯಲ್ಲಿ ಕೆಲಸ. ಬೆಳಕು ಹರಿಯುವ ಮುಂಚೆ ಹೊರಟರೆ ಕತ್ತಲಾದ ಮೇಲೇ ಮನೆ, ಶನಿವಾರವೂ ಬಿಡುವಿಲ್ಲ. ಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಶನಿವಾರ ರಜೆ. ನನಗೋ ಹಿಂದಿ ಬಾರದು. ತರಕಾರಿ ಭಯ್ಯಾ ಏನು ಕೇಳಿದರೂ "ಅಚ್ಛಾ" ಅನ್ನುತ್ತಿದ್ದೆ. ಹಾಗೆಯೇ ಒಂದು ದಿನ ಒಂದು ಚೀಲ ಮೂಲಂಗಿ ಮನೆಗೆ ಬಂತು. ಮಾವ ಮೂಲಂಗಿ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು. "ಚಲೋ, ಶನಿವಾರ ಮ್ಯಾಟಿನಿಗೆ ಹೋಗೋಣಮ್ಮ, ಭಾಷೆ ತಾನಾಗೇ ಬರುತ್ತೆ" ಅಂದರು. ಬೈಯಲಿಲ್ಲ. ವಾರವಿಡೀ ತುಟಿಪಿಟಕ್ಕೆನ್ನದೆ ಮೂಲಂಗಿ ಹುಳಿ ಉಂಡರು.

ಅವರಿಗೆ ಸಿನಿಮಾದ ಹುಚ್ಚು ಎಷ್ಟಿತ್ತೋ ಕಾದಂಬರಿಯದೂ ತಿರುಗಾಟದ್ದೂ ಅಷ್ಟೇ ಇತ್ತು. ಚಳಿಗಾಲದ ಬಿಸಿಲಿಗೆ ಟೆರೇಸಿನಲ್ಲಿ ಕುರ್ಚಿ ಹಾಕಿಕೊಂಡು ಓದುವರು. ಇಷ್ಟವಾಗದ ಪಾತ್ರಕ್ಕೆ ಕೂತಲ್ಲಿಂದಲೇ ಬುದ್ಧಿ ಹೇಳುವರು. ಕಚೇರಿಯ ಕನ್ನಡಿಗರೆಲ್ಲ ರಜೆ ಸಿಕ್ಕರೆ ಊರಿಗೆ ಓಡುತ್ತಿದ್ದರೆ ಇವರು ಹೆಂಡತಿ, ಮಗನನ್ನು ಕಟ್ಟಿಕೊಂಡು ಪುರಿ, ದ್ವಾರಕೆ, ಶಿಲ್ಲಾಂಗ್ ಸುತ್ತಿದವರು. ಡಿಸೆಂಬರಿನ ಕೊನೆಯ ಭಾನುವಾರ ಮನೆಯಲ್ಲಿ ದರ್ಬಾರು. ಕಡಲೆಕಾಯಿ, ಎಳ್ಳು-ಬೆಲ್ಲದ ಗಜಕ್ ಮುಂದಿಟ್ಟುಕೊಂಡು ಪ್ರತಿಯೊಬ್ಬರೂ ಆ ವರ್ಷ ಮನಸ್ಸಿಗೆ ಹತ್ತಿದ ಪುಸ್ತಕ, ಸಿನಿಮಾ, ಪ್ರಯಾಣ ಯಾವುದೆಂದು ಹೇಳಬೇಕು. ಚೆನ್ನಾಗಿತ್ತು ಅಂದರೆ ಅವರಿಗೆ ಸಾಲದು. "ಉಪ್ಪಿಟ್ಟೂ ಚೆನ್ನಾಗಿರುತ್ತೆ. ಅದು ನಿನಗೇನು ಮಾಡ್ತು, ಅದನ್ನ ಹೇಳು" ಎನ್ನುವರು.

ಆ ವರ್ಷ ಮಾತ್ರ ದರ್ಬಾರು ಬಿಟ್ಟು, ನನಗೋಸ್ಕರ ಎಲ್ಲರೂ ದಾವಣಗೆರೆಗೆ ಹೋಗುವುದೆಂದಾಯಿತು. ನಾನು ವಾಪಸು ಬರಬಾರದೆಂದು ತೀರ್ಮಾನಿಸಿದ್ದೆ. ಯಾರೂ ನನ್ನನ್ನು ಕೆಟ್ಟದಾಗಿ ನಡೆಸಿಕೊಂಡಿರಲಿಲ್ಲ, ದೇವರಾಣೆ. ಆದರೆ ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವಳು ದಿನವಿಡೀ ಗೋಡೆ ನೋಡುತ್ತ ಕೂತರೆ ತಲೆ ಕೆಡದೆ ಇರುತ್ತದೆಯೇ? ನಮ್ಮವರಿಗೆ ಹೇಳೋಣವೆಂದರೆ ಅವರು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು. ಯಾರಿಗೂ ಬಾಯಿ ಬಿಡದೆ ನನ್ನದೆಂಬುದನ್ನೆಲ್ಲ ಸೂಟ್‌ಕೇಸಿಗೆ ತುಂಬಿದೆ.

ಹೊರಡುವ ಹಿಂದಿನ ಶನಿವಾರ ನೋಡಿದ್ದು, ಹಳ್ಳಿಯಿಂದ ಮದುವೆಯಾಗಿ ದೊಡ್ಡ ಪಟ್ಟಣಕ್ಕೆ ಬಂದ ಹುಡುಗಿಯೊಬ್ಬಳ ಸಿನಿಮಾ. ನನ್ನ ಕತೆಯನ್ನೇ ಯಾರೋ ಪರದೆಗೆ ಹಾಕಿದ್ದಾರೆ ಅನ್ನಿಸಿತು. ಕೊನೆಯಲ್ಲಿ ಅವಳು ಒಬ್ಬಳೇ ರೈಲಿನಲ್ಲಿ ಕೂತು ಬಿಕ್ಕಿಬಿಕ್ಕಿ ಅಳುತ್ತಾಳೆ. ಯಾಕೆ ಅಳುತ್ತಿದ್ದಾಳೆ ಮಾವ, ಎಂದು ಕೇಳಿದೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿದರು.

"ಪರೀಕ್ಷೆಗೆ ಹೋಗ್ತಿದಾಳಮ್ಮ. ಮತ್ತೆ ಓದೋಕೆ ಸೇರ್ಕೊಂಡಿದಾಳೆ. ಭಯಕ್ಕೆ ಅಳ್ತಿದಾಳೆ ಅಷ್ಟೆ. ಪಾಸಾಗ್ತಾಳೆ ಬಿಡು."

ಸಿನಿಮಾ ನೋಡಿ ಯಾರಾದರೂ ಬದುಕಿನ ತೀರ್ಮಾನ ಮಾಡುತ್ತಾರೆಯೇ ಎಂದು ನೀವು ನಗಬಹುದು. ನಗಿ. ತವರಿನಲ್ಲಿದ್ದಷ್ಟು ದಿನವೂ ಆ ಹುಡುಗಿ ನನ್ನ ತಲೆಯಿಂದ ಇಳಿಯಲಿಲ್ಲ. ಅಮ್ಮನ ಮಗ್ಗುಲಲ್ಲಿ ಬೆಚ್ಚಗೆ ಮಲಗಿದಾಗಲೂ, ಅವಳಿಗಾದದ್ದು ನನಗೇಕೆ ಆಗದು ಎಂಬ ಹಟ ಒಳಗೊಳಗೇ ಬಲಿಯಿತು. ಎಲ್ಲರ ಜೊತೆ ನಾನೂ ದೆಹಲಿಯ ರೈಲು ಹತ್ತಿದೆ. ಭೋಪಾಲ್ ದಾಟಿದ ಮೇಲೆ, ಆ ಹುಡುಗಿ ಬರೆದದ್ದು ಯಾವ ಪರೀಕ್ಷೆ ಎಂದು ಮಾವನನ್ನು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತ ಸ್ವಲ್ಪ ಯೋಚಿಸಿ, "ಬಿ.ಎಡ್ ಇರಬೇಕು" ಅಂದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹಿಂದಿ ಕಲಿತೆ, ಮಗಳು ಹುಟ್ಟಿದಳು, ಬಿ.ಎಡ್ ಮುಗಿಸಿದೆ, ಮನೆಯ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ನಾನು ಪುಸ್ತಕ ಹಿಡಿದು ಕೂತರೆ ಸಾಕು, ಮಾವ ಮಗುವನ್ನು ಎತ್ತಿಕೊಂಡು ಪಾರ್ಕಿಗೆ ಹೋಗಿಬಿಡುತ್ತಿದ್ದರು. ಅಷ್ಟರಲ್ಲಿ ಅವರು ರಿಟೈರ್ ಆಗಿದ್ದರು. ಓದಿದ್ದು ನಾನು, ಸೊಂಟ ಹಿಡಿದದ್ದು ಅವರಿಗೆ.

ಎಷ್ಟೋ ವರ್ಷದ ಮೇಲೆ ಒಂದು ಭಾನುವಾರ ಟಿವಿಯಲ್ಲಿ ಅದೇ ಸಿನಿಮಾ ಬಂತು. ಈಗ ಪ್ರತಿ ಮಾತೂ ಅರ್ಥವಾಗುತ್ತಿತ್ತು. ಪರೀಕ್ಷೆಯೂ ಇಲ್ಲ, ಮಣ್ಣೂ ಇಲ್ಲ. ಆ ಹುಡುಗಿ ಪಟ್ಟಣಕ್ಕೆ ಸೋತು, ಗಂಡನ ಮನೆ ಬಿಟ್ಟು, ತವರಿಗೆ ಹೊರಟುಹೋಗುತ್ತಿದ್ದಳು. ಮಾವ ಟೆರೇಸಿನಲ್ಲಿ ಬಟಾಣಿ ಬಿಡಿಸುತ್ತಿದ್ದರು. ಹೋಗಿ ಎದುರಿಗೆ ನಿಂತು, ಸುಳ್ಳು ಹೇಳಿದಿರಲ್ಲ ಮಾವ, ಅಂದೆ. ಯಾವ ಸುಳ್ಳೆಂದು ಅವರು ಕೇಳಲೇ ಇಲ್ಲ. ಕೆಳಗಿನ ಟಿವಿಯ ಹಾಡು ಅವರಿಗೂ ಕೇಳಿಸಿತ್ತು.

"ಆ ಸಿನಿಮಾ ತೆಗೆದವನಿಗೆ ನಿನ್ನ ಪರಿಚಯ ಇರಲಿಲ್ಲ ಕಣಮ್ಮ" ಅಂದರು.

ಬೀರುವಿನಿಂದ ನಾನು ಮಾರ್ಕ್ಸ್ ಕಾರ್ಡ್ ತೆಗೆಯುತ್ತಿದ್ದುದನ್ನು ಅವರು ಆ ಸಿನಿಮಾಕ್ಕೆ ಹೋಗುವ ಮುಂಚೆಯೇ ನೋಡಿದ್ದರಂತೆ. ನಾಲ್ಕು ದಿನಕ್ಕೆ ತವರಿಗೆ ಹೋಗುವವರಿಗೆ ಮಾರ್ಕ್ಸ್ ಕಾರ್ಡ್ ಯಾಕೆ ಎಂದು ನನ್ನನ್ನೇ ಕೇಳಿದರು. ಮತ್ತೆ ತಡೆಯಲಿಲ್ಲವೇಕೆ ಎಂದೆ. ತಡೆಯೋಕೆ ನಾನ್ಯಾರು, ಕಾಲು ನಿನ್ನದಲ್ಲವಾ ಎಂದರು. ನನಗೆ ಅಳು ಒತ್ತರಿಸಿ ಬಂತು. ಅವರು ಬಟಾಣಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿ, ಕೂತು ಬಿಡಿಸು ಎಂದರು.

ಹೋದ ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ, ಜ್ವರವೊಂದು ನೆಪವಾಗಿ ಮಾವ ತೀರಿಕೊಂಡರು. ಈ ಡಿಸೆಂಬರಿನಲ್ಲಿ ದರ್ಬಾರು ಬೇಡ ಅಂದೆ. ಮಗಳು ಬಿಡಲಿಲ್ಲ, ತಾತ ಇದ್ದಿದ್ದರೆ ಎಲ್ಲರಿಗೂ ಬೈಯುತ್ತಿದ್ದರು ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಜಗಳ ತೆಗೆದಳು. ನನ್ನ ಸರದಿ ಬಂದಾಗ ಆ ಸಿನಿಮಾದ ಕತೆಯನ್ನೇ ಹೇಳಿದೆ: ಮಾವ ಹೇಳಿದ್ದು, ಆಮೇಲೆ ನಿಜವಾದದ್ದು. ಸೂಟ್‌ಕೇಸಿನ ವಿಷಯವನ್ನೂ ಹೇಳಿದೆ. ಸುಲಿಯುತ್ತಿದ್ದ ಕಡಲೆಕಾಯಿಯನ್ನು ನಮ್ಮವರು ತಟ್ಟೆಗೆ ಹಾಕಿಬಿಟ್ಟರು.

"ಅಪ್ಪನಿಗೆ ಗೊತ್ತಿತ್ತಾ?" ಎಂದು ಕೇಳಿದರು.

ಹೂಂ, ಅಂದೆ.

"ಇಷ್ಟು ವರ್ಷ ಅವರು ನನಗೆ ಒಂದು ಮಾತು ಹೇಳಲಿಲ್ಲವಲ್ಲ."

ಹೇಳಲಿಲ್ಲ. ಒಂದು ಸಲವೂ ಆಡಿ ತೋರಿಸಲಿಲ್ಲ, ಹಂಗಿಸಲಿಲ್ಲ; ಹೆತ್ತ ಮಗನಿಂದಲೂ ಮುಚ್ಚಿಟ್ಟು ನನ್ನ ಮಾನ ಕಾದರು. ನಾನು ಈ ಮನೆಯಲ್ಲಿ ತಲೆಯೆತ್ತಿಕೊಂಡು ಬಾಳಿದ್ದು ಅವರಿಂದ. ಆ ಋಣ ತೀರುವಂಥದ್ದಲ್ಲ, ತೀರುವುದೂ ನನಗೆ ಬೇಡ.

ನಮ್ಮವರು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಮಗಳು ಅಪ್ಪನ ಮುಖ, ನನ್ನ ಮುಖ ನೋಡುತ್ತಿದ್ದಳು.

"ಅಪ್ಪನಿಗೆ ಕಂಡದ್ದು ನನಗೆ ಕಾಣಬೇಕಿತ್ತು ಕಣೇ" ಅಂದರು.