ಮಾಲಗಾಡಿಯ ಎಂಜಿನ್ನೂ ಯಮನಪ್ಪನ ಎತ್ತುಗಳೂ

ನಾನು ಕಣ್ಣಾರೆ ಕಾಣದ ವಸ್ತುಗಳಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವುದು ಡೀಸೆಲ್-ವಿದ್ಯುತ್ ಮಾಲಗಾಡಿಯ ಎಂಜಿನ್ನು. ದೇವರ ವಿಷಯದಲ್ಲಿಯೂ ನನಗೆ ಇಷ್ಟು ವಿವರ ತಿಳಿಯದು. ನೀವು ಜಮಖಂಡಿಯವರಾದರೆ ಇದರಿಂದ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ಕುಡಚಿಯ ಸ್ಟೇಶನ್ನಿನಿಂದ ಒಂದಿಡೀ ದಿನ ಚಕ್ಕಡಿಯಲ್ಲಿ ಕುಲುಕಾಡುತ್ತ ಬಂದು ಸೇರಬೇಕಾದ ಊರಿನಲ್ಲಿ ರೈಲಿನ ಜ್ಞಾನ ಬೆಳೆಯುವಷ್ಟು, ರೈಲು ನಿಲ್ಲುವ ಊರಿನಲ್ಲಿ ಬೆಳೆಯುವುದಿಲ್ಲ. ಅಲ್ಲಿಯವರು ಹತ್ತಿ ಹೋಗಿಬಿಡುತ್ತಾರೆ. ನಾವು ಕೂತು ಯೋಚಿಸುತ್ತೇವೆ.

ಈ ಜ್ಞಾನ ನಮ್ಮ ವಾಚನಾಲಯದ ಜಗಲಿಗೆ ಬಂದದ್ದು ಯುದ್ಧ ಮುಗಿದ ಹೊಸತರಲ್ಲಿ. ಮಿರಜಿನ ಕಡೆ ಉಗಿ ಎಂಜಿನ್ ನಡೆಸಿ ನಿವೃತ್ತರಾಗಿ ಊರಿಗೆ ಮರಳಿದ್ದ ರಾಮರಾಯರು ಒಂದು ಮಧ್ಯಾಹ್ನ ಅಮೆರಿಕದ ಸಚಿತ್ರ ಪತ್ರಿಕೆಯೊಂದನ್ನು ಮಡಿಬಟ್ಟೆಯಂತೆ ಎತ್ತಿ ಹಿಡಿದು ತಂದರು. ಯಾರೋ ಸಿಪಾಯಿ ಗಾಡಿಯಲ್ಲಿ ಬಿಟ್ಟುಹೋದದ್ದಂತೆ. ಅದರಲ್ಲಿ ನಾಲ್ಕು ತುಂಡು ಜೋಡಿಸಿದ ಎಂಜಿನ್ನಿನ ಚಿತ್ರ. ಉದ್ದನೆಯ ಹೊಗೆಕೊಳವೆ ಇಲ್ಲ, ಕಲ್ಲಿದ್ದಲಿಲ್ಲ, ದಾರಿಯುದ್ದಕ್ಕೂ ನಿಂತು ನೀರು ಕುಡಿಯುವ ಚಟವಿಲ್ಲ. ನಾಲ್ಕಕ್ಕೂ ಸೇರಿ ಒಬ್ಬನೇ ಡ್ರೈವರ್. ಆತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯ ಪಕ್ಕದಲ್ಲಿ ಕೂತಿದ್ದ. ಅರ್ಧ ಆಯುಷ್ಯ ಬೆಂಕಿಯ ಮುಂದೆ ಬೆಂದಿದ್ದ ರಾಮರಾಯರು ಎಂಜಿನ್ನಿಗಿಂತ ಹೆಚ್ಚು ಹೊತ್ತು ಆ ಅಂಗಿಯನ್ನು ನೋಡಿದರು. ಸಾಲೆಯಲ್ಲಿ ವಿಜ್ಞಾನ ಕಲಿಸುವವನೆಂಬ ತಪ್ಪಿಗೆ ಪತ್ರಿಕೆಯನ್ನು ಓದಿ ಹೇಳುವ ಕೆಲಸ ನನಗೆ ಬಂತು.

ಅದರ ಒಳಗುಟ್ಟು ಇಷ್ಟು. ಮಹಾಲಿಂಗಪುರದ ಕಡೆ ಕಬ್ಬಿನ ಗಾಣಕ್ಕೆ ಹಚ್ಚಿದ ಎಣ್ಣೆ ಎಂಜಿನ್ ನೋಡಿದ್ದೀರಲ್ಲ? ಮೊದಲು ಅದನ್ನು ಬರಿದೇ ತಿರುಗಲು ಬಿಡಬೇಕು. ಲಯಕ್ಕೆ ಬಂದ ಮೇಲೆ ಪಟ್ಟಾ ಏರಿಸಬೇಕು. ನಿಂತಲ್ಲೇ ಭಾರ ಹೊರಿಸಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಡೀಸೆಲ್ ಜಾತಿಯ ಸ್ವಭಾವವೇ ಅದು: ಓಡುವಾಗ ಗಜ, ಹೊರಡುವಾಗ ಮಾವನ ಮನೆಯ ಅಳಿಯ. ಮಾಲಗಾಡಿಗಾದರೋ ಹೊರಡುವಾಗಲೇ ಹೆಚ್ಚು ಬಲ ಬೇಕು. ನಡುವೆ ಹಲ್ಲಿನ ಚಕ್ರಗಳನ್ನು ಕೂಡಿಸಿ ನೋಡೋಣವೆಂದರೆ ಅಷ್ಟು ಭಾರವನ್ನು ತಡೆಯುವ ಹಲ್ಲು ಎಲ್ಲಿಂದ ತರುವುದು? ಕೊನೆಗೆ ಡೀಸೆಲ್ಲಿಗೆ ಗಾಲಿಯ ಗೊಡವೆಯೇ ಬೇಡವೆಂದು ತೀರ್ಮಾನವಾಯಿತು. ಅದು ಒಳಗೆ ಕೂತು ಡೈನಮೋ ತಿರುಗಿಸುತ್ತದೆ. ಡೈನಮೋ ಹುಟ್ಟಿಸಿದ ವಿದ್ಯುತ್ತು ತಂತಿಯಲ್ಲಿ ಇಳಿದು ಹೋಗಿ ಗಾಲಿಯ ಅಚ್ಚುಗಳಿಗೆ ಕಟ್ಟಿದ ಮೋಟಾರುಗಳನ್ನು ತಿರುಗಿಸುತ್ತದೆ. ಮೋಟಾರಿನ ಗುಣ ಡೀಸೆಲ್ಲಿಗೆ ತದ್ವಿರುದ್ಧ. ನಿಂತಲ್ಲಿಂದ ಎಳೆಯುವಾಗಲೇ ಅದಕ್ಕೆ ರಟ್ಟೆಬಲ ಹೆಚ್ಚು.

ಜಗಲಿಯ ಕೆಳಗೆ ಚಕ್ಕಡಿ ಬಿಟ್ಟು ಕೂತಿದ್ದ ಯಮನಪ್ಪ ಇದನ್ನೆಲ್ಲ ಕೇಳುತ್ತಿದ್ದ. ಕುಡಚಿಯಿಂದ ಬನಹಟ್ಟಿಯ ನೇಕಾರರಿಗೆ ನೂಲು ತರುವುದು, ಹೋಗುವಾಗ ಬೆಲ್ಲ ಹೇರಿಕೊಂಡು ಹೋಗುವುದು ಅವನ ಉದ್ಯೋಗ.

“ಹಂಗಾರ ಎಂಜಿನ್ ಎಳಿಯೂದಿಲ್ಲೇನ್ರಿ, ರಾಯರ?” ಎಂದ.

“ಇಲ್ಲೋ. ಅದು ಕರೆಂಟ್ ಹುಟ್ಟಸ್ತದ. ಎಳಿಯೂದು ಮೋಟಾರು.”

“ಅಂದ್ರ ಅದು ಒಳಗ ಕುಂತು ಅಡಗಿ ಮಾಡತೈತಿ, ಉಂಡು ದುಡಿಯವ್ರು ಬ್ಯಾರೆ. ನಮ್ಮ ಮನ್ಯಾಗೂ ಹಂಗ ಐತ್ರಿ. ಗದ್ಲ ಎಲ್ಲಾ ಅಡಗಿ ಮನ್ಯಾಗಿಂದನ ಬರತೈತಿ.”

ರಾಯರು ನಗಲಿಲ್ಲ. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

“ಇಂಥಾದ್ದು ನಮ್ಮ ಕಡಿ ಬರತೈತೇನ್ರಿ?”

“ಬರದ ಏನು? ಲೈನ್ ಬಿದ್ದ ದಿವಸ ಇಂಥಾದ್ದೇ ಬರ್ತದ. ನಿನ್ನ ಚಕ್ಕಡಿ ಒಲಿಗೆ ಹಾಕ್ಕೋಬೇಕು.”

ಜಗಲಿಯ ಮೇಲಿದ್ದವರೆಲ್ಲ ತಲೆದೂಗಿದೆವು. ಲೈನ್ ಎಂದು ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ.

ಮುಂದಿನ ಸಂತೆಗೆ ಯಮನಪ್ಪ ಮುಧೋಳಕ್ಕೆ ಹೋಗಿ ಎತ್ತುಗಳನ್ನು ಮಾರಿ ಬಂದ. ನಾನು ಗಾಬರಿಯಾಗಿ ಕೇಳಿದರೆ, “ರೈಲ ಬಂದ ಮ್ಯಾಲೆ ಎಲ್ಲಾರೂ ಮಾರಾಕ ಓಡತಾರ್ರಿ, ಮಾಸ್ತರ. ಆವಾಗ ಎತ್ತಿಗೆ ಯಾರ್ ಕೇಳ್ತಾರ? ನಾ ಮೊದಲ ಕೈ ತೊಳಕೊಂಡೆ,” ಎಂದು ಕಣ್ಣು ಮಿಟುಕಿಸಿದ. ಅವನ ಅರ್ಥಶಾಸ್ತ್ರದಲ್ಲಿ ತಪ್ಪು ಹುಡುಕಲು ನನಗೆ ಈವರೆಗೂ ಆಗಿಲ್ಲ. ತಪ್ಪಿದ್ದು ರೈಲು.

ರೈಲು ಬರಲಿಲ್ಲ. ಎರಡು ಹರದಾರಿಗೊಂದು ಸಂಸ್ಥಾನ ಮುಗಿದು ಇನ್ನೊಂದು ಶುರುವಾಗುವ ಸೀಮೆ ನಮ್ಮದು. ಹುನ್ನೂರಿನವರು ಲೈನ್ ತಮ್ಮ ಹೊಲದ ಮೇಲೆ ಹಾಯಲಿ ಎಂದರೆ ತೇರದಾಳದವರು ತಮ್ಮ ಪೇಟೆಗೆ ಬರಲಿ ಎಂದರು. ಸಭೆಗಳು ನಡೆದವು. ಆ ಅಮೆರಿಕದ ಎಂಜಿನ್ನಿಗೆ ಒಂದು ವಿಚಿತ್ರ ಬ್ರೇಕು ಉಂಟು. ಇಳಿಜಾರಿನಲ್ಲಿ ಗಾಲಿಗಳೇ ಮೋಟಾರುಗಳನ್ನು ತಿರುಗಿಸಿ ವಿದ್ಯುತ್ ಹುಟ್ಟಿಸುತ್ತವೆ, ಆ ವಿದ್ಯುತ್ತಿನಿಂದ ಕಬ್ಬಿಣದ ಜಾಲರಿಗಳನ್ನು ಕಾಯಿಸಿ, ಬಿಸಿಯನ್ನು ಗಾಳಿಗೆ ಬಿಡುತ್ತಾರೆ. ಗಾಡಿ ನಿಧಾನವಾಗುತ್ತದೆ. ನಮ್ಮ ಸಭೆಗಳ ತತ್ವವೂ ಇದೇ. ಯಾರೋ ಸರ್ವೇ ಮಾಡಿ ನೆಟ್ಟುಹೋದ ಕಲ್ಲುಗಳಲ್ಲಿ ಒಂದರ ಮೇಲೆ ಈಗ ನಮ್ಮ ಓಣಿಯವರು ಬಟ್ಟೆ ಒಗೆಯುತ್ತಾರೆ. ಚೆನ್ನಾದ ಕಲ್ಲು.

ಎತ್ತಿನ ಬೆಲೆ ಇಳಿಯಲಿಲ್ಲ, ಏರಿತು. ಯಮನಪ್ಪನ ಎತ್ತುಗಳು ಜೋಳವಾಗಿ, ಜೋಳ ರೊಟ್ಟಿಯಾಗಿ, ರೊಟ್ಟಿ ತೀರಿಹೋಯಿತು. ಇನ್ನೊಂದು ಜೋಡಿ ಕಟ್ಟುವ ಆಸೆಯಿಂದ ಅವನು ಸಂತೆಗೆ ಹೋಗಿ ಎತ್ತುಗಳ ಹಲ್ಲು ನೋಡಿ ಬರುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ರಾಮರಾಯರು ಅವನ ಕಣ್ಣು ತಪ್ಪಿಸಿ ವಾಚನಾಲಯಕ್ಕೆ ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಈ ವರ್ಷ ಸಂಸ್ಥಾನವೂ ವಿಲೀನವಾಯಿತು. ಇನ್ನು ಲೈನ್ ಬಂದೇ ಬರುತ್ತದೆ ಎಂದು ಜಗಲಿಯ ಮೇಲೆ ಮತ್ತೆ ತಲೆದೂಗಿದರು. ನಾನು ಕುತ್ತಿಗೆ ನೋವೆಂದು ಹೇಳಿ ಎದ್ದು ಬಂದೆ.

ಮೊನ್ನೆ ರಬಕವಿಯಿಂದ ನಡೆದು ಬರುವಾಗ ಹಳ್ಳದ ಏರಿನಲ್ಲಿ ಒಂದು ಚಕ್ಕಡಿ ಎರೆಮಣ್ಣಿನಲ್ಲಿ ಹೂತು ನಿಂತಿತ್ತು. ಮೇಲೆ ತಂಬೂ ಸಿನಿಮಾದವರ ಎಣ್ಣೆ ಎಂಜಿನ್ನು, ಅದರ ಪಕ್ಕಕ್ಕೆ ಡೈನಮೋ. ಬೇರೆಯವರ ಚಕ್ಕಡಿ, ಬೇರೆಯವರ ಎತ್ತು. ಕೂಲಿಗೆ ಹೊಡೆಯುತ್ತಿದ್ದವನು ಯಮನಪ್ಪ. ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಗಾಲಿಗೆ ಹೆಗಲು ಕೊಟ್ಟಿದ್ದ. ನನಗೆ ತಡೆಯಲಾಗಲಿಲ್ಲ.

“ಯಮನಪ್ಪಾ, ನೋಡಿದ್ಯೇನೋ? ಡೀಸೆಲ್ ಐತಿ, ಡೈನಮೋನೂ ಐತಿ. ಎರಡೂ ಎತ್ತಿನ ಹಿಂದ ಕುಂತು ಬರಾಕತ್ತಾವ. ಇದಕ್ಕ ನಾಕು ಮೋಟಾರ್ ಅಷ್ಟ ಕಟ್ಟಿದ್ರ...”

“ಮಾಸ್ತರ,” ಎಂದ ಅವನು, ತಲೆ ಎತ್ತದೆ. “ಮಾತು ಸಾಕ್ರಿ. ಆ ಕಡಿ ಗಾಲಿ ಹಿಡೀರಿ.”

ಧೋತರ ಎತ್ತಿ ಕಟ್ಟಿ ಇಳಿದೆ. ಅವನು ಎತ್ತುಗಳನ್ನು ಕೂಗಿದ, ಇಬ್ಬರೂ ನೂಕಿದೆವು. ಚಕ್ಕಡಿ ಒಂದು ಗೇಣು ಮೇಲೇರಿ, ಸ್ವಲ್ಪ ಯೋಚಿಸಿ, ಮತ್ತೆ ಅಲ್ಲಿಗೇ ಬಂದು ಕೂತಿತು. ನಾನು ಏದುಸಿರು ಬಿಡುತ್ತ ಅವನ ಮುಖ ನೋಡಿದೆ. ಅವನು ಅಂಗೈಗೆ ಉಗುಳಿಕೊಂಡು ಮತ್ತೆ ಬಾಗಿದ.

“ಇನ್ನೊಮ್ಮಿ ನೂಕ್ರಿ.”