ದೇವರ ಕೆನ್ನೆಗೆ ಹಂಡೆಯ ಮಸಿ

ಸ್ವಲ್ಪ ತಡೆಯಿರಿ. ಶೀರ್ಷಿಕೆ ನೋಡಿ ಸಿಟ್ಟು ಮಾಡಿಕೊಂಡು ಹೋಗಿಬಿಡಬೇಡಿ. ಎದುರುಮನೆ ಅಜ್ಜಿ ಎದ್ದು ಬರುವ ತನಕವಾದರೂ ಓದಿ. ಅಲ್ಲಿಂದಾಚೆಗೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಹೆಚ್ಚಿನ ಮನೆಗಳಲ್ಲಿ ಮುಂದಿನ ಭಾಗದಲ್ಲಿ ಪವರ್‌ಲೂಮ್, ಹಿಂದಿನ ಭಾಗದಲ್ಲಿ ಸಂಸಾರ. ಆ ಬೀದಿಯಲ್ಲಿ ಕ್ರೈಸ್ತರ ಮನೆ ಅಂತ ಇರುವುದು ನಮ್ಮದೊಂದೇ. ನಾನು ಯಾವ ಬೈಬಲ್ ಶಾಲೆಗೂ ಹೋದವನಲ್ಲ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಪ್ರಸಂಗ ಕೇಳುವುದು, ಮನೆಗೆ ಬಂದು ಬೈಬಲ್ ತೆಗೆದು ತಾಳೆ ನೋಡುವುದು, ಹಾಗೇ ಕಲಿತದ್ದು. ಅದರಲ್ಲೆಲ್ಲ ನನ್ನನ್ನು ಹಿಡಿದು ಬಿಡದಿದ್ದ ಮಾತು ಒಂದೇ. ದೇವರು ಮನುಷ್ಯನಾಗಿ ಹುಟ್ಟಿ ನಮ್ಮ ನಡುವೆ ವಾಸಮಾಡಿದ. ದರ್ಶನ ಕೊಟ್ಟು ಹೋಗಲಿಲ್ಲ ಕಣ್ರೀ, ಇಲ್ಲೇ ಇದ್ದ! ಹಸಿದ, ದಣಿದ, ಬಡಗಿಯ ಮನೆಯಲ್ಲಿ ಬೆಳೆದ. ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೆ. ಎದುರುಮನೆ ಅಜ್ಜಿ ನಮ್ಮ ಚರ್ಚಿನ ಸಭೆಯವರಲ್ಲ, ಆದರೂ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಹೋದ ಕ್ರಿಸ್ಮಸ್‌ಗೆ ನಮ್ಮ ಮನೆಯ ಮುಂದೆ, ಬೀದಿಯಲ್ಲೇ, ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡೆವು. ಸಂದೇಶ ನೀನೇ ಕೊಡು ಅಂತ ಪಾಸ್ಟರು ಹೇಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹುಟ್ಟಿದ ಯೇಸುವನ್ನು ಮಲಗಿಸಿದ್ದಂಥದ್ದೇ ಒಂದು ದನದ ಗೋದಲಿಯನ್ನು ಹುಲ್ಲು ಹಾಸಿ ಮಾಡಿದೆವು. ಅಣ್ಣ ತಲೆಗೆ ಟವಲು ಸುತ್ತಿಕೊಂಡು ಯೋಸೇಫ, ಅತ್ತಿಗೆ ನೀಲಿ ಸೀರೆಯಲ್ಲಿ ಮರಿಯ. ಗೋದಲಿಯಲ್ಲಿ ಮಲಗಿಸಲು ಗೊಂಬೆ ಬೇಡ, ನಿಜವಾದ ಮಗುವೇ ಇರಲಿ ಅಂದೆ. ಮನೆಯಲ್ಲೇ ಇತ್ತಲ್ಲ, ಅಣ್ಣನ ಐದು ತಿಂಗಳ ಮಗ.

ಅತ್ತಿಗೆ ಸುಲಭಕ್ಕೆ ಒಪ್ಪಲಿಲ್ಲ. ಅವರ ಮೊದಲ ಮಗು ಜ್ವರ ಬಂದು ಬಾಣಂತನ ಮುಗಿಯುವ ಮೊದಲೇ ಹೋಗಿಬಿಟ್ಟಿತ್ತು. ಆಮೇಲೆ ಹುಟ್ಟಿದವನು ಇವನು. ಇವನನ್ನು ಯಾರಾದರೂ ಹೊಗಳಿದರೆ ಸಾಕು, ಮಗುವಿಗೆ ಸೆರಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಮನೆಯಲ್ಲಿದ್ದಾಗ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದರು, ಭಾನುವಾರ ಸಭೆಗೆ ಹೊರಡುವಾಗ ಒರೆಸುತ್ತಿದ್ದರು. ದೃಷ್ಟಿ ತಾಕುತ್ತದೆ ಅನ್ನುವುದನ್ನು ನಮ್ಮ ಸಭೆಯಲ್ಲಿ ನಂಬುವುದಿಲ್ಲ. ಅಣ್ಣ ಎರಡು ಮಾತು ಹೇಳಿದ ಮೇಲೆ ಆ ಸಂಜೆಯೂ ಬೊಟ್ಟು ಒರೆಸಿ, ಮಗುವನ್ನು ತಂದು ಹುಲ್ಲಿನ ಮೇಲೆ ಮಲಗಿಸಿದರು. ಕೂಸು ನಿದ್ದೆಯಲ್ಲಿತ್ತು.

ನನ್ನ ಮಾತು ಎಲ್ಲರಿಗೂ ಕೇಳಿಸಲಿ ಅಂತ ಬೀದಿಯವರು ಮಗ್ಗ ನಿಲ್ಲಿಸಿದರು. ಅಲ್ಲೇ ಎಡವಟ್ಟಾಯಿತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿದ ಮಗು ಅದು. ಸದ್ದು ನಿಂತದ್ದೇ ತಡ, ಬೆಚ್ಚಿ ಎದ್ದು ಬೀದಿಯೇ ಕಿತ್ತುಹೋಗುವ ಹಾಗೆ ಕಿರುಚಿತು. ಜನ ಮುಂದೆ ನುಗ್ಗಿ ಮೊಬೈಲ್ ಎತ್ತಿ ಹಿಡಿದರು. ಎಷ್ಟು ಗುಂಡುಗುಂಡಾಗಿದ್ದಾನೆ ನೋಡು ಅಂದರು ಒಬ್ಬರು, ಮುಖದಲ್ಲಿ ದೇವರ ಕಳೆಯೇ ಇದೆ ಅಂದರು ಇನ್ನೊಬ್ಬರು. ಕೈಮುಗಿದು ಮೊಣಕಾಲೂರಿದ್ದ ಅತ್ತಿಗೆ ಒಂದೊಂದೇ ಮೊಬೈಲ್ ಕಡೆ ತಿರುಗಿ ನೋಡುತ್ತಿದ್ದರು. ಮಗುವನ್ನು ಎತ್ತಿಕೊಂಡರೆ ದೃಶ್ಯ ಕೆಡುತ್ತದೆ, ಹಾಗಾಗಿ ಎತ್ತಿಕೊಳ್ಳಲಿಲ್ಲ. ನಾನು ಮೈಕು ಬಾಯಿಗೆ ಹತ್ತಿರ ತಂದುಕೊಂಡು ದನಿ ಏರಿಸಿದೆ, ದೇವರು ನಮ್ಮ ನಡುವೆ ಬಂದಿದ್ದಾನೆ ಅಂತ.

ಆಗ ಅಜ್ಜಿ ಎದ್ದರು. ತಮ್ಮ ಮನೆಯೊಳಗೆ ಹೋಗಿ ಮುಷ್ಟಿ ಬಿಗಿಹಿಡಿದುಕೊಂಡು ಬಂದರು. ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ನೇರ ಗೋದಲಿಯ ಹತ್ತಿರ ಬಂದು, ಉಪ್ಪು ಮೆಣಸಿನಕಾಯಿಯನ್ನು ಮಗುವಿನ ಸುತ್ತ ನಿವಾಳಿಸಿದರು. ಬಂದವರ ಕಣ್ಣು, ಹೋದವರ ಕಣ್ಣು ಎಲ್ಲ ಸುಟ್ಟುಹೋಗಲಿ ಅಂತ ಗೊಣಗಿ ಪಕ್ಕಕ್ಕೆ ಉಗಿದರು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಮನೆಯೊಳಗೆ ನುಗ್ಗಿ, ಬಚ್ಚಲೊಲೆಯ ಹಂಡೆಗೆ ಬೆರಳು ಒರೆಸಿ ತಂದು, ಆ ಮಸಿಯನ್ನು ಮಗುವಿನ ಕೆನ್ನೆಗೆ ಒತ್ತಿಬಿಟ್ಟರು.

ಯೇಸುಸ್ವಾಮಿಗೆ ದೃಷ್ಟಿ ತೆಗೆಯುವುದಾ? ಅದೂ ಪಾಸ್ಟರ ಎದುರಿಗೆ?

ಪಾಸ್ಟರು ಕರ್ಚೀಫು ತೆಗೆದುಕೊಂಡು ಮುಂದೆ ಬಂದರು. ಕೋಪವೇನೂ ಇರಲಿಲ್ಲ. "ಅಮ್ಮಾ, ಈಗ ಇಲ್ಲಿ ಮಲಗಿರೋದು ದೇವರ ರೂಪ. ದೇವರಿಗೆ ದೃಷ್ಟಿ ಆಗಲ್ಲ," ಅಂದರು.

ಅಜ್ಜಿ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ನಮ್ ಥರಾನೇ ಹುಟ್ದ, ನಮ್ ಮಧ್ಯಾನೇ ಬಾಳ್ದ ಅಂತ ದಿನಾ ನನ್ ತಲೆ ತಿಂತಾನಲ್ಲ ಇವ್ನು. ಮಧ್ಯದಾಗಿದ್ದೋನ್ಗೆ ಕಣ್ ಬೀಳಾಕಿಲ್ವಾ ಸ್ವಾಮಿ?" ಆಮೇಲೆ ನನ್ನನ್ನೇ ಕೇಳಿದರು. "ನೀನೇ ಹೇಳ್ಲಾ. ಅವತ್ತು ಆ ಮಗೀಗೆ ಕೆಟ್ಟದ್ ಬಯಸ್ದೋರು ಯಾರೂ ಇರ್ಲಿಲ್ವಾ?"

ಸುಳ್ಳು ಹೇಳುವ ಹಾಗಿರಲಿಲ್ಲ. ಇದ್ದ ಕಣಜ್ಜಿ, ರಾಜನೇ ಇದ್ದ, ಅಂದೆ. ಈ ಮಗುವನ್ನು ಕೊಲ್ಲಬೇಕು ಅಂತ ಸೈನಿಕರನ್ನು ಕಳಿಸಿದ, ಆ ಊರಿನ ಎಳೆಯ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದ, ಇವನ ಅಪ್ಪ ಅಮ್ಮ ಮಾತ್ರ ಇವನನ್ನು ಎತ್ತಿಕೊಂಡು ದೇಶ ಬಿಟ್ಟು ಓಡಿದರು ಅಂದೆ. ಮೈಕು ಆನ್ ಇತ್ತು. ಇಡೀ ಬೀದಿಗೆ ಕೇಳಿಸಿತು.

"ಮತ್ತೆ?" ಅಂದರು ಅಜ್ಜಿ.

ಆ ಕಥೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗಲೆಲ್ಲ, ತಪ್ಪಿಸಿಕೊಂಡರಲ್ಲ, ಸರಿ, ಅಂತ ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆ. ಸಾಯಬಹುದಾದ ಒಂದು ಕೂಸು ಅದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ದೇವರು ನಮ್ಮ ನಡುವೆ ಬಂದ ಅನ್ನುತ್ತಿದ್ದೆ. ನಾವು ಎಂಥವರು ಅನ್ನುವುದು ನನ್ನ ಸಂದೇಶದಲ್ಲೇ ಇರಲಿಲ್ಲ.

ಪಾಸ್ಟರು ಮಸಿ ಒರೆಸಲು ಬಗ್ಗಿದರು. ಅಷ್ಟರಲ್ಲಿ ಅತ್ತಿಗೆ ಮಗುವನ್ನು ಬಾಚಿ ಎದೆಗೆ ಎತ್ತಿಕೊಂಡರು.

"ಒರೆಸ್ಬೇಡಿ ಅಯ್ಯನೋರೇ. ಒಂದನ್ನ ಕಳ್ಕೊಂಡಿದೀನಿ ನಾನು."

ಆ ಮೊದಲ ಮಗುವನ್ನು ಮಣ್ಣು ಮಾಡಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು. ಅಣ್ಣ ಆಡಿರಲಿಲ್ಲ, ನಾನು ಆಡಿರಲಿಲ್ಲ, ಆಡಿದರೆ ಅತ್ತಿಗೆಗೆ ನೋವಾಗುತ್ತದೆ ಅಂದುಕೊಂಡಿದ್ದೆವು. ಅತ್ತಿಗೆ ಅದನ್ನು ಅಷ್ಟು ಜನರ ಮುಂದೆ ಹೇಳಿಬಿಟ್ಟರು. ಅಣ್ಣ ತಲೆಯ ಟವಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ.

ಪಾಸ್ಟರು ನಮ್ಮ ಸಭೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ, ಈ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಕರ್ಚೀಫನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ಅತ್ತಿಗೆಯನ್ನು ಮೆಲ್ಲಗೆ ಕೇಳಿದರು. "ಗಂಡುಮಗೂನಾ ತಾಯಿ, ಹೆಣ್ಣಾ?"

"ಹೆಣ್ಣು," ಅಂದರು ಅತ್ತಿಗೆ.

ಆ ಹೆಣ್ಣುಮಗುವಿಗಾಗಿ ಅಲ್ಲೇ ನಿಂತು ಪ್ರಾರ್ಥನೆ ಮಾಡಿದರು ಪಾಸ್ಟರು. ಸಂದೇಶ ಮುಂದುವರಿಸು ಅಂತ ನನಗೆ ಹೇಳಲಿಲ್ಲ, ಹೇಳಿದ್ದರೂ ನನ್ನ ಕೈಲಿ ಆಗುತ್ತಿರಲಿಲ್ಲ. ಮಗು ತಾಯಿಯ ಹೆಗಲ ಮೇಲೆ ಬಿಕ್ಕುತ್ತಾ ಸುಮ್ಮನಾಯಿತು. ಕೆನ್ನೆಯ ಮಸಿ ಆ ನೀಲಿ ಸೀರೆಗೂ ಹತ್ತಿತ್ತು.

ದೃಷ್ಟಿ ತಾಕುತ್ತದೆ ಅಂತ ನಾನು ಈಗಲೂ ನಂಬುವುದಿಲ್ಲ. ಅಜ್ಜಿಯ ಜೊತೆ ವಾದ ನಡೆದೇ ಇದೆ. ಆದರೆ ದೇವರು ನಮ್ಮ ನಡುವೆ ಬಂದ ಅಂತ ಮೊದಲಿನ ಹಾಗೆ ಖುಷಿಯಾಗಿ, ಪಟಪಟನೆ ಹೇಳಲು ಆಗುತ್ತಿಲ್ಲ. ಹೇಳುವಾಗ ಭಯವಾಗುತ್ತದೆ, ಅವನಿಗಾಗಿ. ನಿಮಗೂ ಹೀಗೆ ಆಗಿದೆಯಾ? ಸಮಾಧಾನಕ್ಕೆ ಅಂತ ಹಿಡಿದುಕೊಂಡಿದ್ದ ನಂಬಿಕೆಯೇ ಒಂದು ದಿನ ನಿಮ್ಮನ್ನು ಹೆದರಿಸಿದ್ದುಂಟಾ? ಯಾವ ಧರ್ಮದವರೇ ಆಗಿರಿ, ನಡೆದದ್ದನ್ನು ನಡೆದ ಹಾಗೆ ಕೆಳಗೆ ಬರೆಯಿರಿ. ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದೆ.